ಒಂದು ರೂಪಾಯಿಯ ಸೈಕಲ್ಲು

ಬ್ಯಾಂಕಿನ ಶಾಖೆಗಳಲ್ಲಿ ಒಂದು ರೂಪಾಯಿ ಬೆಲೆಯ ಸಾಮಾನುಗಳು ಬೇಕಾದಷ್ಟು ಇರುತ್ತವೆ. ಹೊರಗಿನವರಿಗೆ ಇದು ತಮಾಷೆ ಅನ್ನಿಸಬಹುದು. ಕುರ್ಚಿ, ಕಬ್ಬಿಣದ ಬೀರು, ಗೋಡೆ ಗಡಿಯಾರ, ಟಪಾಲು ಕೊಡಲಿಕ್ಕೆ ಜವಾನ ಹೊಡೆಯುತ್ತಿದ್ದ ಸೈಕಲ್ಲು, ಯಾವುದೇ ಇರಲಿ, ಪ್ರತಿವರ್ಷ ಮಾರ್ಚ್ 31ಕ್ಕೆ ಅದರ ಬೆಲೆಯಲ್ಲಿ ಸವಕಳಿಯನ್ನು ಕಳೆಯುತ್ತೇವೆ. ಹೀಗೆ ಕಳೆಯುತ್ತ ಕಳೆಯುತ್ತ ಕೊನೆಗೆ ಕಳೆಯಲಿಕ್ಕೆ ಏನೂ ಉಳಿಯದಾಗ ಒಂದು ರೂಪಾಯಿ ಎಂದು ಬರೆದಿಡುವುದು ರೂಢಿ. ಸೊನ್ನೆ ಬರೆದರೆ ಆ ಸಾಮಾನು ಲೆಕ್ಕದಿಂದಲೇ ಮಾಯವಾಗುವ ಭಯ. ಒಂದು ರೂಪಾಯಿ ಅಂದರೆ, ನಿನ್ನ ಬೆಲೆ ಮುಗಿಯಿತು, ಆದರೆ ನೀನು ಇದ್ದೀ, ಇನ್ನೂ ಉಪಯೋಗಕ್ಕೆ ಬರುತ್ತಿದ್ದೀ ಎಂದು ಒಪ್ಪಿಕೊಂಡ ಹಾಗೆ. ವಾಣಿಜ್ಯಶಾಸ್ತ್ರ ಓದುವಾಗ ನಮಗೆ ಕಲಿಸಿದ ಪಾಠಗಳಲ್ಲಿ ಮನುಷ್ಯತ್ವಕ್ಕೆ ಹತ್ತಿರವಾದದ್ದು ಇದೊಂದೇ ಇರಬೇಕು.

ಈ ಒಂದು ರೂಪಾಯಿ ನನಗೆ ನೆನಪಾದದ್ದು ಅಮೆರಿಕದ ಮೌಂಟನ್ ಬೈಕುಗಳ ಚರಿತ್ರೆ ಓದುವಾಗ. ಗುಡ್ಡಗಾಡಿನ ದಾರಿಯಲ್ಲಿ ಹೊಡೆಯುವ ದಪ್ಪ ಟೈರಿನ ಸೈಕಲ್ಲಿಗೆ ಅಲ್ಲಿ ಹಾಗೆನ್ನುತ್ತಾರೆ. ಈಗ ಕೆಲವು ವರ್ಷಗಳಿಂದ ಅಲ್ಲಿ ಒಂದು ಹೊಸ ವ್ಯಾಪಾರ ಸುರುವಾಗಿದೆ. ಮೂವತ್ತು ನಲವತ್ತು ವರ್ಷ ಹಿಂದೆ ಹೆಸರು ಮಾಡಿದ ಮಾದರಿಗಳನ್ನು ಕಂಪನಿಗಳು ಮತ್ತೆ ಹೊರತರುತ್ತವೆ. ಅದೇ ಹೆಸರು, ಅದೇ ಬಣ್ಣ, ಅದೇ ಅಕ್ಷರ. ಆದರೆ ಇಷ್ಟೇ ಸಂಖ್ಯೆ ಎಂದು ಮೊದಲೇ ಸಾರಿ, ಒಂದೊಂದಕ್ಕೂ ಸಂಖ್ಯೆ ಹಾಕಿ, ಭಾರಿ ಬೆಲೆಗೆ ಮಾರುತ್ತವೆ. 'ಲಿಮಿಟೆಡ್ ಎಡಿಶನ್' ಅಂತ ಅದಕ್ಕೆ ಹೆಸರು. ಉದಾಹರಣೆಗೆ, ಯೇಟಿ ಎಂಬ ಕಂಪನಿ 2020ರಲ್ಲಿ ತನ್ನ ಮೂವತ್ತೈದನೆಯ ವರ್ಷದ ನೆನಪಿಗೆ 1990ರ ದಶಕದ ತನ್ನ ಪ್ರಸಿದ್ಧ ಎ.ಆರ್.ಸಿ. ಮಾದರಿಯನ್ನು ಹಸಿರು ಬೆರೆತ ನೀಲಿ ಬಣ್ಣದಲ್ಲಿ ಮತ್ತೆ ತಂದಿತು. ಹಳೆಯದು ಅಲ್ಯೂಮಿನಿಯಮ್ಮಿನದು, ಹೊಸದು ಕಾರ್ಬನ್ನಿನದು. ಬೆಲೆ ನಮ್ಮ ಲೆಕ್ಕದಲ್ಲಿ ಒಂದು ಸಣ್ಣ ಕಾರಿನಷ್ಟು.

ಕೊಳ್ಳುವವರು ಕೊಳ್ಳುತ್ತಾರೆ, ಮಾರುವವರು ಮಾರುತ್ತಾರೆ, ಇದರಲ್ಲಿ ನೀತಿಯ ಪ್ರಶ್ನೆ ಎಲ್ಲಿ ಬಂತು ಎಂದು ಕೇಳಬಹುದು. ಬಂದಿದೆ ಅಂತ ನನ್ನ ಅನಿಸಿಕೆ. ಅದನ್ನು ಹೇಳುವ ಮೊದಲು ಆ ಸೈಕಲ್ಲು ಹುಟ್ಟಿದ ಕಥೆಯನ್ನು ಹೇಳಬೇಕು. ಪ್ರಶ್ನೆ ಇರುವುದೇ ಆ ಕಥೆಯಲ್ಲಿ.

ಸ್ಯಾನ್ ಫ್ರಾನ್ಸಿಸ್ಕೊದಿಂದ ಗೋಲ್ಡನ್ ಗೇಟ್ ಸೇತುವೆ ದಾಟಿ ಉತ್ತರಕ್ಕೆ ಹೋದರೆ ಮರಿನ್ ಕೌಂಟಿ ಎಂಬ ಜಿಲ್ಲೆ. ಅಲ್ಲಿ ಟ್ಯಾಮಲ್ಪಾಯಸ್ ಎಂಬ ಬೆಟ್ಟ; ಎತ್ತರ ಸುಮಾರು 2,500 ಅಡಿ. ನಮ್ಮ ಪುಣೆಯ ಸಿಂಹಗಡಕ್ಕಿಂತಲೂ ತಗ್ಗು ಅನ್ನಿ. 1970ರ ದಶಕದಲ್ಲಿ ಅಲ್ಲಿಯ ಕೆಲವು ಹುಡುಗರು ರಸ್ತೆಯ ಸೈಕಲ್ ಪಂದ್ಯಗಳಲ್ಲಿ ಓಡುವವರು. ತೆಳ್ಳನೆಯ ಟೈರಿನ ಆ ಸೈಕಲ್ಲುಗಳು ಬೆಟ್ಟದ ಮಣ್ಣುದಾರಿಗೆ ತಡೆಯುತ್ತಿರಲಿಲ್ಲ. ಹಾಗಾಗಿ ಅವರು ಗುಜರಿ ಅಂಗಡಿಗಳಲ್ಲಿ, ಮನೆಗಳ ಹಿತ್ತಿಲುಗಳಲ್ಲಿ ಬಿದ್ದಿದ್ದ 1930-40ರ ಶ್ವಿನ್ ಕಂಪನಿಯ ಹಳೆಯ ಸೈಕಲ್ಲುಗಳನ್ನು ಎತ್ತಿಕೊಂಡು ಬಂದರು. ಶ್ವಿನ್‌ನವರು 1933ರಲ್ಲಿ ದಪ್ಪ ಬಲೂನ್ ಟೈರಿನ ಸೈಕಲ್ಲು ತಂದಿದ್ದರು. ಪತ್ರಿಕೆ ಹಂಚುವ ಹುಡುಗರು ಹೊಡೆದು ಹೊಡೆದು ಬಿಟ್ಟ, ಎತ್ತಿನಂಥ ಗಟ್ಟಿ ಸೈಕಲ್ಲುಗಳು ಅವು. ಜೋ ಬ್ರೀಝ್ ಎಂಬ ಹುಡುಗ 1941ರ ಒಂದು ಶ್ವಿನ್ನನ್ನು ಕೊಂಡದ್ದು ಐದು ಡಾಲರಿಗೆ. ಲೆಕ್ಕದ ಪುಸ್ತಕದ ಭಾಷೆಯಲ್ಲಿ ಹೇಳುವುದಾದರೆ ಒಂದು ರೂಪಾಯಿಯ ಸೈಕಲ್ಲು.

ಅದಕ್ಕೆ ಅವರು ಇಟ್ಟ ಹೆಸರು ಕ್ಲಂಕರ್. ನಮ್ಮಲ್ಲಿ ಲಟಾರಿ ಗಾಡಿ ಅಂತೇವಲ್ಲ, ಹಾಗೆ. ಲಟಾರಿಗೆ ಮೋಟಾರ್ ಸೈಕಲ್ಲಿನ ಬ್ರೇಕಿನ ಹಿಡಿ ಹಾಕಿದರು. ಇನ್ನೊಂದು ಸೈಕಲ್ಲಿನ ಗೇರು ಕಿತ್ತು ಇದಕ್ಕೆ ಕೂಡಿಸಿದರು. ತೂಕ ಇಪ್ಪತ್ತು ಕಿಲೋ ಆಸುಪಾಸು. 1976ರ ಅಕ್ಟೋಬರ್ 21ರಂದು ಫೇರ್‌ಫ್ಯಾಕ್ಸ್ ಎಂಬ ಸಣ್ಣ ಊರಿನ ಹತ್ತಿರ, ಬೆಟ್ಟದ ಒಂದು ಕಚ್ಚಾ ದಾರಿಯಲ್ಲಿ ಅವರು ಇಳಿಜಾರಿನ ಪಂದ್ಯ ಇಟ್ಟರು. ಎರಡು ಮೈಲಿ ಚಿಲ್ಲರೆ ದೂರದಲ್ಲಿ 1,300 ಅಡಿ ಇಳಿಯಬೇಕು. ಪೆಡಲು ಹಿಂದಕ್ಕೆ ತುಳಿದರೆ ಹಿಡಿಯುವ ಹಳೆಯ ನಮೂನೆಯ ಬ್ರೇಕು. ಕೆಳಗೆ ಬರುವಷ್ಟರಲ್ಲಿ ಅದು ಕಾದು ಒಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಪ್ರತಿಸಲವೂ ಬಿಚ್ಚಿ ಹೊಸ ಗ್ರೀಸು ತುಂಬಬೇಕು. ಅದನ್ನೇ ಇಂಗ್ಲಿಷಿನಲ್ಲಿ ರೀಪ್ಯಾಕ್ ಮಾಡುವುದು ಅಂತಾರೆ. ಆ ದಾರಿಗೂ ರೀಪ್ಯಾಕ್ ಎಂದೇ ಹೆಸರಾಯಿತು. ಚಾರ್ಲಿ ಕೆಲ್ಲಿ ಎಂಬುವರು ಪಂದ್ಯ ನಡೆಸುತ್ತಿದ್ದರು. ಗ್ಯಾರಿ ಫಿಶರ್ ನಾಲ್ಕು ನಿಮಿಷ 22 ಸೆಕೆಂಡಿನಲ್ಲಿ ಇಳಿದದ್ದು ಆ ದಾರಿಯ ದಾಖಲೆ.

ಹಳೆಯ ಚೌಕಟ್ಟುಗಳು ಈ ಹೊಡೆತಕ್ಕೆ ಮುರಿಯತೊಡಗಿದವು. ಆಗ ಜೋ ಬ್ರೀಝ್ 1977ರಲ್ಲಿ ಗುಡ್ಡಕ್ಕೆಂದೇ ಗಟ್ಟಿ ಉಕ್ಕಿನ ಕೊಳವೆಗಳಿಂದ ಹೊಸ ಚೌಕಟ್ಟು ಕಟ್ಟಿದರು. ಮರುವರ್ಷದ ಹೊತ್ತಿಗೆ ಅಂಥವು ಒಟ್ಟು ಹತ್ತಾದವು. ಅವುಗಳಲ್ಲಿ ಮೊದಲನೆಯದು 2012ರಲ್ಲಿ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯ ಚರಿತ್ರೆಯ ವಸ್ತು ಸಂಗ್ರಹಾಲಯ ಸೇರಿತು. 1979ರಲ್ಲಿ ಫಿಶರ್ ಮತ್ತು ಕೆಲ್ಲಿ ಕೂಡಿ, ಟಾಮ್ ರಿಚಿ ಎಂಬ ಕುಶಲಿ ಕಟ್ಟಿಕೊಟ್ಟ ಚೌಕಟ್ಟುಗಳಿಂದ ಸೈಕಲ್ಲು ಮಾಡಿ ಮಾರತೊಡಗಿದರು. ತಮ್ಮ ಕಂಪನಿಗೆ ಅವರಿಟ್ಟ ಹೆಸರೇ 'ಮೌಂಟನ್ ಬೈಕ್ಸ್'. ಆ ಹೆಸರು ತಮ್ಮದೊಂದೇ ಆಗಲಿ ಎಂದು ಟ್ರೇಡ್‌ಮಾರ್ಕಿಗೆ ಅರ್ಜಿ ಹಾಕಿದರು. ಸಿಗಲಿಲ್ಲ. 1981ರಲ್ಲಿ ಸ್ಪೆಷಲೈಝ್ಡ್ ಕಂಪನಿ ಜಪಾನಿನಲ್ಲಿ ಮಾಡಿಸಿ ತಂದ ಸ್ಟಂಪ್‌ಜಂಪರ್ 750 ಡಾಲರಿಗೆ ಅಂಗಡಿಗೆ ಬಂತು. ಅಲ್ಲಿಂದ ಮುಂದೆ ಹತ್ತಾರು ಕಂಪನಿಗಳು, ಲಕ್ಷಾಂತರ ಸೈಕಲ್ಲುಗಳು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಅದೊಂದು ಸ್ಪರ್ಧೆಯೇ ಆಯಿತು. ಯಾರ ಹಳೆಯ ಸೈಕಲ್ಲಿನಿಂದ ಇದೆಲ್ಲ ಸುರುವಾಯಿತೋ ಆ ಶ್ವಿನ್ ಕಂಪನಿ 1992ರಲ್ಲಿ ದಿವಾಳಿ ಎದ್ದಿತು. ಗ್ಯಾರಿ ಫಿಶರ್ ಎಂಬ ಹೆಸರು 1993ರಲ್ಲಿ ಟ್ರೆಕ್ ಕಂಪನಿಯ ಪಾಲಾಯಿತು. ವ್ಯಾಪಾರದಲ್ಲಿ ಹೆಸರು ಒಂದು ಮನೆಗೆ, ಮನುಷ್ಯ ಒಂದು ಮನೆಗೆ ಹೋಗುವುದು ಹೊಸದೇನಲ್ಲ. ಗುಡ್‌ವಿಲ್ ಎಂಬ ಶಿರೋನಾಮೆಯ ಕೆಳಗೆ ಅಂಥ ಹೆಸರುಗಳಿಗೆ ನಾವು ಎಷ್ಟೋ ಸಲ ಬೆಲೆ ಕಟ್ಟಿದ್ದೇವೆ.

ಈಗ ಪುಣೆಗೆ ಬರುತ್ತೇನೆ. ಈ ಸೈಕಲ್ಲಿನ ವಿಷಯ ನನ್ನ ಹತ್ತಿರಕ್ಕೆ ಬಂದದ್ದು ನನ್ನ ತಂಗಿಯ ಮಗನಿಂದ. ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಕೆಲಸ. ಅದಕ್ಕೂ ಮೊದಲು ಆರು ವರ್ಷ ಕ್ಯಾಲಿಫೋರ್ನಿಯಾದಲ್ಲಿದ್ದ. ವಾಪಸು ಬರುವಾಗ ಅಂಥದೊಂದು ಸೀಮಿತ ಸಂಖ್ಯೆಯ ಸೈಕಲ್ಲನ್ನು ಪೆಟ್ಟಿಗೆಯಲ್ಲಿ ಹಾಕಿಸಿಕೊಂಡು ಬಂದ. ಯಾವ ಕಂಪನಿಯದು ಅನ್ನುವುದು ಇಲ್ಲಿ ಮುಖ್ಯವಲ್ಲ. ಚೌಕಟ್ಟಿನ ಕೆಳಗಡೆ, ಒಟ್ಟು ಇಷ್ಟರಲ್ಲಿ ಇದು ಇಷ್ಟನೆಯದು ಎಂದು ಸಂಖ್ಯೆ ಕೆತ್ತಿದೆ. ಅವರ ಫ್ಲ್ಯಾಟಿನ ಹಾಲಿನಲ್ಲಿ ಟಿ.ವಿ.ಯ ಎದುರಿನ ಗೋಡೆಗೆ, ನೆಲದಿಂದ ನಾಲ್ಕಡಿ ಎತ್ತರದಲ್ಲಿ, ಅದು ತೂಗುತ್ತಿದೆ. ಅದರ ಮೇಲೊಂದು ಸಣ್ಣ ದೀಪ.

ಒಂದು ರವಿವಾರ ಚಹಾ ಕುಡಿಯುತ್ತ ಕೇಳಿದೆ: "ಇದನ್ನ ಹೊಡೆಯೂದಿಲ್ಲೇನು?"

"ಹೊಡದ್ರ ಗೀಚ ಬೀಳ್ತಾವ, ಮಾಮಾ. ಆಮ್ಯಾಲ ಕಿಮ್ಮತ್ತು ಇಳೀತದ."

"ಹಂಗಾರ ಇದು ಸೈಕಲ್ಲೋ, ಫಿಕ್ಸೆಡ್ ಡಿಪಾಜಿಟ್ಟೋ?"

ಅವ ನಕ್ಕ. "ಎರಡೂ ಅನ್ರಿ."

ಅಡಿಗೆಮನೆಯಿಂದ ನನ್ನ ತಂಗಿ ಹೇಳಿದಳು: "ಅಣ್ಣಾ, ಅದರ ಮ್ಯಾಲ ಧೂಳ ಕೂತ್ರ ಒರಸಾಕಿ ನಾನs ನೋಡು. ಬಡ್ಡಿ ಮಾತ್ರ ಇನ್ನೂ ಬಂದಿಲ್ಲ."

ನನ್ನ ಅಳಿಯ ದುಂದುಗಾರನಲ್ಲ. ತನ್ನ ತಂದೆಯ ಬೈಪಾಸ್ ಆಪರೇಶನ್ನಿನ ಖರ್ಚು ಪೂರ್ತಿ ನೋಡಿಕೊಂಡವ, ತೆರಿಗೆ ಕಟ್ಟುವವ, ಸಾಲ ಮಾಡದವ. ನನ್ನ ಮಾತಿನಲ್ಲಿಯ ಚುಚ್ಚು ಅವನಿಗೆ ತಿಳಿಯಿತು. ಶಾಂತವಾಗಿಯೇ ವಾದ ಮಂಡಿಸಿದ. ಮೊದಲನೆಯದು, ರೊಕ್ಕ ತನ್ನದು, ದುಡಿದದ್ದು, ಯಾರ ಜೇಬಿನಿಂದಲೂ ಕಿತ್ತದ್ದಲ್ಲ. ಎರಡನೆಯದು, "ಮಾಮಾ, ಅತ್ತೆಗೆ ಕೈಮಗ್ಗದ್ದs ಇಳಕಲ್ ಸೀರಿ ಬೇಕು ಅಂತ ನೀವು ಹೆಚ್ಚಿನ ರೊಕ್ಕಾ ಕೊಟ್ಟು ತರ್ತೀರಿ. ಪವರ್‌ಲೂಮಿಂದು ಅರ್ಧಾ ಕಿಮ್ಮತ್ತಿಗೆ ಸಿಗ್ತದ. ಅದಕ್ಕೂ ಇದಕ್ಕೂ ಏನ್ ಫರಕು?" ಮೂರನೆಯದು, ಅದು ಬರೇ ವಸ್ತುವಲ್ಲ, ಒಂದು ಕಾಲದ ನೆನಪು, ನೆನಪನ್ನು ಮನೆಯಲ್ಲಿ ಇಟ್ಟುಕೊಂಡರೆ ತಪ್ಪೇನು?

ಮೂರೂ ಹಗುರವಾದ ಮಾತುಗಳಲ್ಲ. ಮೊದಲನೆಯದನ್ನು ನಾನು ಒಪ್ಪಿಕೊಂಡೆ. ಇನ್ನೊಬ್ಬನು ಹೆಚ್ಚು ಖರ್ಚು ಮಾಡಿದ ಅನ್ನುವುದಷ್ಟೇ ನಮಗೆ ತೊಂದರೆಯಾದರೆ ಅದು ಹೊಟ್ಟೆಕಿಚ್ಚು. ಅದಕ್ಕೆ ನೀತಿ ಎಂದು ಹೆಸರಿಡಬಾರದು. ಒಂದೇ ದಿನದ ಮದುವೆಗೆ ಇಂಥ ಹತ್ತು ಸೈಕಲ್ಲಿನ ದುಡ್ಡು ಸುರಿಯುವವರನ್ನು ನಾವು ಉಂಡು, ಹರಸಿ ಬರುತ್ತೇವೆ.

ಇಳಕಲ್ ಸೀರೆಯ ಮಾತಿಗೆ ಮಾತ್ರ ಅವತ್ತು ಒಂದೇ ಉಸಿರಿನಲ್ಲಿ ಉತ್ತರ ಕೊಡಲಿಕ್ಕಾಗಲಿಲ್ಲ. ಮನೆಗೆ ಬಂದು ಯೋಚಿಸಿದೆ. ಬಂಗಾರದ ಮೇಲೆ ಸಾಲ ಕೊಡುವಾಗ ಬ್ಯಾಂಕಿನಲ್ಲಿ ಒಂದು ಪದ್ಧತಿ ಉಂಟು. ತೂಕ ನೋಡುತ್ತೇವೆ, ಶುದ್ಧತೆ ನೋಡುತ್ತೇವೆ, ಹರಳಿನ ತೂಕ ಕಳೆಯುತ್ತೇವೆ. ಅಕ್ಕಸಾಲಿಗನ ಮಜೂರಿ ಲೆಕ್ಕಕ್ಕಿಲ್ಲ. ಅಜ್ಜಿಯ ನೆನಪಂತೂ ಇಲ್ಲವೇ ಇಲ್ಲ. ಅಂದರೆ ಒಂದೇ ಒಡವೆಯ ಬೆಲೆಯಲ್ಲಿ ನಾಲ್ಕಾರು ಬೇರೆ ಬೇರೆ ಬೆಲೆಗಳು ಕೂಡಿಕೊಂಡಿರುತ್ತವೆ, ಅವನ್ನು ಬಿಡಿಸಿ ನೋಡಬೇಕು. ಈ ಸೈಕಲ್ಲಿನ ಬೆಲೆಯನ್ನೂ ಹಾಗೇ ಬಿಡಿಸಿದೆ. ಅದರಲ್ಲಿ ನಾಲ್ಕು ಭಾಗ ಕಂಡವು: ಸಾಮಾನಿನ ಬೆಲೆ, ಕೈಗೆಲಸದ ಬೆಲೆ, ನೆನಪಿನ ಬೆಲೆ, ಸಂಖ್ಯೆಯ ಬೆಲೆ.

ಸಾಮಾನಿನ ಬೆಲೆಗೆ ತಕರಾರಿಲ್ಲ. ಕೈಗೆಲಸದ ಬೆಲೆಗೆ ತಕರಾರು ಮಾಡುವವನು ಪಾಪಿ. ಇಳಕಲ್ ಸೀರೆಗೆ ನಾವು ಹೆಚ್ಚು ಕೊಡುವುದು ಇದಕ್ಕೇ. ಒಡಲಿನ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿ ನೇಯುವ ಆ ಕೆಲಸಕ್ಕೆ ಇಷ್ಟು ದಿನ ಬೇಕು, ನೇಕಾರನಿಗೆ ಎರಡೇ ಕೈ. ಅವನು ಕಡಿಮೆ ನೇಯುವುದು ಕಡಿಮೆ ನೇಯಬೇಕು ಅಂತಲ್ಲ, ಅದಕ್ಕಿಂತ ಹೆಚ್ಚು ಕೈಲಾಗುವುದಿಲ್ಲ ಅಂತ. ಇನ್ನೊಂದು ಮಗ್ಗಕ್ಕೆ ಸಾಲ ಕೊಟ್ಟರೆ ಇನ್ನೊಂದು ಸೀರೆ ನೇಯುತ್ತಾನೆ, ಸಂತೋಷದಿಂದ ನೇಯುತ್ತಾನೆ. ಜೋ ಬ್ರೀಝ್ ಹತ್ತೇ ಸೈಕಲ್ಲು ಕಟ್ಟಿದ್ದೂ ಹೀಗೆಯೇ. ಹತ್ತಕ್ಕೆ ನಿಲ್ಲಿಸಿದರೆ ಬೆಲೆ ಏರುತ್ತದೆ ಎಂದು ಯೋಚಿಸಿ ಅವರು ನಿಲ್ಲಿಸಲಿಲ್ಲ; ಒಬ್ಬ ಮನುಷ್ಯನ ಕೈಯಲ್ಲಿ ಅಷ್ಟು ದಿನದಲ್ಲಿ ಆದದ್ದು ಹತ್ತು.

ನೆನಪಿನ ಬೆಲೆಯನ್ನೂ ನಾನು ಗೌರವಿಸುತ್ತೇನೆ. ಇಂಥ ಸೈಕಲ್ಲು ಕೊಳ್ಳುವವರಲ್ಲಿ, 1990ರ ಸುಮಾರಿಗೆ ಹದಿನಾಲ್ಕು ಹದಿನೈದು ವರ್ಷದ ಹುಡುಗರಾಗಿದ್ದು, ಪತ್ರಿಕೆಯಿಂದ ಆ ಸೈಕಲ್ಲಿನ ಚಿತ್ರ ಕತ್ತರಿಸಿ ಗೋಡೆಗೆ ಅಂಟಿಸಿಕೊಂಡವರಿದ್ದಾರೆ. ಅವತ್ತು ಕೊಳ್ಳುವ ಯೋಗ್ಯತೆ ಇರಲಿಲ್ಲ. ಇವತ್ತು ಐವತ್ತರ ಹೊಸ್ತಿಲಲ್ಲಿ ಕೈಯಲ್ಲಿ ದುಡ್ಡಿದೆ, ಮೊಣಕಾಲಲ್ಲಿ ನೋವಿದೆ. ಆ ಹುಡುಗನಿಗೆ ಕೊಟ್ಟ ಮಾತನ್ನು ಈ ಗೃಹಸ್ಥ ಈಗ ನಡೆಸಿಕೊಡುತ್ತಿದ್ದಾನೆ. ಅವನನ್ನು ನೋಡಿ ನಗುವುದು ಸಣ್ಣತನ.

ಫ್ಯಾಟ್ ಚಾನ್ಸ್ ಎಂಬ ಸೈಕಲ್ಲಿನ ಕಥೆಯೂ ಇಲ್ಲಿ ಸಲ್ಲುತ್ತದೆ. ಕ್ರಿಸ್ ಚಾನ್ಸ್ ಎಂಬ ಕುಶಲಿ 1980ರ ದಶಕದಲ್ಲಿ ಅಮೆರಿಕದ ಪೂರ್ವ ತೀರದ ಸಾಮರ್‌ವಿಲ್ ಎಂಬಲ್ಲಿ ಅದನ್ನು ಕಟ್ಟುತ್ತಿದ್ದರು. ಕಾರ್ಖಾನೆ ಮುಚ್ಚಿತು. 2015ರಲ್ಲಿ ಹಳೆಯ ಅಭಿಮಾನಿಗಳಿಂದ ಮುಂಗಡ ಹಣ ಕೂಡಿಸಿ ಅವರೇ ಮತ್ತೆ ಸುರುಮಾಡಿದರು. ಕಟ್ಟಿದವನೇ ಮರಳಿ ಬಂದು ಕಟ್ಟುವುದು, ಬೇಕಾದವರು ಮೊದಲೇ ದುಡ್ಡು ಕೊಟ್ಟು ಕಾಯುವುದು. ಬೆಲೆ ಹೆಚ್ಚೇ ಇರಲಿ, ಅದರಲ್ಲಿ ನನಗೆ ಕುಂದು ಕಾಣುವುದಿಲ್ಲ. ಒಬ್ಬ ಮನುಷ್ಯ ತನ್ನ ಕೆಲಸಕ್ಕೆ ವಾಪಸು ಹೋದ.

ಉಳಿದದ್ದು ನಾಲ್ಕನೆಯದು, ಸಂಖ್ಯೆಯ ಬೆಲೆ. ದೊಡ್ಡ ಕಾರ್ಖಾನೆಗೆ ಹತ್ತು ಸಾವಿರ ಮಾಡುವ ಶಕ್ತಿ ಇದೆ. ನೂರೋ ಇನ್ನೂರೋ ಮಾಡಿ ನಿಲ್ಲಿಸುತ್ತದೆ. ನಿಲ್ಲಿಸಿದ್ದಕ್ಕೇ ಬೆಲೆ. ನೇಕಾರನದು ಕೈಲಾಗದ ಕೊರತೆ, ಇದು ಬೇಕಂತಲೇ ಮಾಡಿದ ಕೊರತೆ. ಈ ಭಾಗದ ದುಡ್ಡು ಕೊಟ್ಟು ಕೊಳ್ಳುವವನು ಏನನ್ನು ಪಡೆದ? ಉಕ್ಕಲ್ಲ, ಬಣ್ಣವಲ್ಲ, ಕುಶಲತೆಯಲ್ಲ, ನೆನಪೂ ಅಲ್ಲ. ಅದೇ ನೆನಪು ಸಂಖ್ಯೆ ಕೆತ್ತದ ಸೈಕಲ್ಲಿನಿಂದಲೂ ಬರುತ್ತದೆ. ಅವನು ಪಡೆದದ್ದು, ಇದು ಇನ್ನೊಬ್ಬನ ಹತ್ತಿರ ಇಲ್ಲ ಅನ್ನುವುದನ್ನು. ನನ್ನ ಪ್ರಕಾರ ನೀತಿಯ ಪ್ರಶ್ನೆ ಹುಟ್ಟುವುದು ಇಲ್ಲಿ. ಇನ್ನೊಬ್ಬನಿಗೆ ಇಲ್ಲದಿರುವುದನ್ನು ನಾನು ದುಡ್ಡು ಕೊಟ್ಟು ಕೊಳ್ಳಬಹುದೇ? ಕಾಯಿದೆ ಬೇಡ ಅನ್ನುವುದಿಲ್ಲ. ಆದರೆ ಕೊಂಡದ್ದು ಒಂದು ವಸ್ತು ಎಂದು ಮಾತ್ರ ಹೇಳಿಕೊಳ್ಳಬಾರದು. ಕೊಂಡದ್ದು ಒಂದು ಬಾಗಿಲು, ಅದೂ ಮುಚ್ಚಿದ ಬಾಗಿಲು.

ಬೇರೆ ವಸ್ತುಗಳ ವಿಷಯದಲ್ಲಿ ಇದನ್ನು ನಾನು ಇಷ್ಟು ಗಂಭೀರವಾಗಿ ತೆಗೆದುಕೊಳ್ಳುತ್ತಿರಲಿಲ್ಲ. ವಜ್ರದ ಉಂಗುರ ಯಾವತ್ತೂ ಎಲ್ಲರದಾಗಿರಲಿಲ್ಲ, ಎಲ್ಲರದೂ ಅಂತ ಸುಳ್ಳೂ ಹೇಳಲಿಲ್ಲ. ಈ ಸೈಕಲ್ಲಿನ ಮಾತು ಹಾಗಲ್ಲ. ಇದರ ಹುಟ್ಟೇ ತೆರೆದ ಬಾಗಿಲಿನಿಂದ ಆದದ್ದು. ಯಾರಿಗೂ ಬೇಡವಾದದ್ದನ್ನು ಎತ್ತಿಕೊಂಡರು. ಮುರಿಯುವವರೆಗೆ ಹೊಡೆದರು, ಮುರಿದದ್ದರಿಂದ ಕಲಿತರು. ಕಲಿತದ್ದನ್ನು ಪಕ್ಕದವನು ನೋಡಿ ತಾನೂ ಮಾಡಿದ. ಹೆಸರು ಒಬ್ಬರ ಸ್ವತ್ತಾಗದೆ ಹೋದದ್ದರಿಂದ ಅದು ಊರಿಗೆಲ್ಲ ಸಿಕ್ಕಿತು. ಲುಧಿಯಾನಾದ ಹೀರೋ ಕಂಪನಿಯ ರೇಂಜರ್ ಸೈಕಲ್ಲನ್ನು ನಮ್ಮ ಹುಬ್ಬಳ್ಳಿ, ವಿಜಾಪುರದ ಹುಡುಗರೂ ಹೊಡೆದದ್ದು ಆ ಗುಜರಿಯ ಪುಣ್ಯ. ಮಾರಾಟಕ್ಕೆ ಹಿಡಿದಿರುವುದು ಇದೇ ಕಥೆಯನ್ನು. ಬೆಟ್ಟ, ಧೂಳು, ಗೆಳೆತನ, ಐದು ಡಾಲರಿನ ಲಟಾರಿ ಎಲ್ಲವೂ ಜಾಹೀರಾತಿನಲ್ಲಿ ಬರುತ್ತವೆ. ಆದರೆ ಆ ಹುಡುಗರು ಮಾಡಿದ ಮೂರು ಕೆಲಸಗಳಲ್ಲಿ ಒಂದನ್ನೂ ಇದು ಮಾಡುವುದಿಲ್ಲ. ಬೇಡವಾದದ್ದನ್ನು ಎತ್ತಿಕೊಳ್ಳುವುದಿಲ್ಲ, ಮುರಿಯಲಿಕ್ಕೆ ಬಿಡುವುದಿಲ್ಲ, ಪಕ್ಕದವನಿಗೆ ದಕ್ಕಗೊಡುವುದಿಲ್ಲ.

ಇಲ್ಲಿ ಮಿಲಿಂದ ರಾಜನ ರಥದ ಕಥೆ ನೆನಪಾಗುತ್ತದೆ. ನಾಗಸೇನನೆಂಬ ಬೌದ್ಧ ಭಿಕ್ಷು ಯವನ ದೊರೆ ಮಿಲಿಂದನನ್ನು ಕೇಳುತ್ತಾನೆ: ರಥ ಅಂದರೆ ಯಾವುದು? ಅಚ್ಚೋ, ಗಾಲಿಯೋ, ನೊಗವೋ? ಯಾವುದೂ ಅಲ್ಲ. ಎಲ್ಲ ಕೂಡಿದಾಗ ರಥ ಎಂಬುದು ಒಂದು ಹೆಸರು ಅಷ್ಟೆ. ಭಿಕ್ಷುವಿನ ಉದ್ದೇಶ ಆತ್ಮದ ವಿಚಾರ. ನನ್ನಂಥ ಲೆಕ್ಕದವನಿಗೆ ಅದರಿಂದ ಬೇರೆ ಒಂದು ಪ್ರಶ್ನೆ ಏಳುತ್ತದೆ. ಉಕ್ಕು ಹೋಗಿ ಕಾರ್ಬನ್ ಬಂದು, 26 ಇಂಚಿನ ಗಾಲಿ ಹೋಗಿ 29 ಇಂಚಿನದು ಬಂದು, ಕಟ್ಟುವ ಕೈ ಬೇರೆಯಾಗಿ, ಕಂಪನಿಯ ಮಾಲೀಕರೂ ಬದಲಾದ ಮೇಲೆ, ಹಳೆಯದು ಎನ್ನಿಸಿಕೊಳ್ಳಲು ಉಳಿದದ್ದು ಯಾವುದು? ಬಣ್ಣ ಮತ್ತು ಹೆಸರು. ಭಾಗಗಳು ಬದಲಾದರೂ ತೊಂದರೆ ಇಲ್ಲ, ನಡೆ ಅದೇ ಇದ್ದರೆ ಸಾಕು. ನಡೆಯನ್ನೇ ಬಿಟ್ಟು ರೂಪ ಉಳಿಸಿಕೊಂಡರೆ ಅದು ರಥವಲ್ಲ, ರಥದ ಬೊಂಬೆ. ನಮ್ಮ ಶರಣರು ಕೊಟ್ಟ ಎರಡು ಮಾತುಗಳು ಇಲ್ಲಿ ಸರಿಯಾಗಿ ಕೂಡುತ್ತವೆ: ಸ್ಥಾವರ, ಜಂಗಮ. ಸೈಕಲ್ಲಿನಂಥ ಜಂಗಮ ಇನ್ನೊಂದಿಲ್ಲ, ನಿಂತರೆ ಬೀಳುತ್ತದೆ. ಅದನ್ನು ಮೊಳೆಗೆ ತೂಗುಹಾಕಿ ದೀಪ ಹಚ್ಚಿದರೆ ಸ್ಥಾವರವಾಯಿತು.

ಹಾಗಾದರೆ ಸ್ಮಿತ್ಸೋನಿಯನ್‌ನಲ್ಲಿ ಇಟ್ಟಿರುವುದೂ ಸ್ಥಾವರವೇ ಅಲ್ಲವೇ ಎಂದು ಅಳಿಯ ಮುಂದೊಂದು ದಿನ ಕೇಳಿದ. ಹೌದು, ಆದರೆ ಅದು ದುಡಿದು ನಿವೃತ್ತಿಯಾದ ಸೈಕಲ್ಲು. ಗುಡ್ಡ ಇಳಿದಿದೆ, ಪಂದ್ಯ ಗೆದ್ದಿದೆ. ಹೋದವರೆಲ್ಲ ಅದನ್ನು ನೋಡಬಹುದು. 2015ರಲ್ಲಿ ಫೇರ್‌ಫ್ಯಾಕ್ಸ್‌ನಲ್ಲಿಯೇ ತೆರೆದ ಸೈಕಲ್ ಸಂಗ್ರಹಾಲಯದ ಉದ್ದೇಶವೂ ಅದೇ. ಒಬ್ಬನ ಹಾಲಿನಲ್ಲಿ ಒಮ್ಮೆಯೂ ನೆಲ ಮುಟ್ಟದೆ ತೂಗುತ್ತಿರುವುದು ನಿವೃತ್ತಿಯಲ್ಲ. ನೌಕರಿಗೇ ಸೇರದವನಿಗೆ ಪಿಂಚಣಿ ಎಲ್ಲಿಂದ ಬರಬೇಕು?

ಪುಣೆಯಲ್ಲಿ ಕುಳಿತು ಇದನ್ನು ಬರೆಯುವಾಗ ಇನ್ನೊಂದು ವಿಷಯ ಬಿಡುವ ಹಾಗಿಲ್ಲ. ಇದು ಒಂದು ಕಾಲಕ್ಕೆ ಸೈಕಲ್ಲುಗಳ ಊರು ಎಂದು ಹೆಸರಾಗಿತ್ತು. ಕಾರಖಾನೆಗೆ, ಕಾಲೇಜಿಗೆ, ಮಂಡಿಗೆ ಹೋಗುವ ಗಂಡಸರು ಹೆಂಗಸರು ಎಲ್ಲರೂ ಸೈಕಲ್ಲಿನ ಮೇಲೆ. ಈಗ ಸ್ಕೂಟರು ಮೋಟಾರ್ ಸೈಕಲ್ಲುಗಳ ನಡುವೆ ರಸ್ತೆ ದಾಟುವುದೇ ಸಾಹಸ. 1951ರಲ್ಲಿ ಸುರುವಾದ ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ರಂದು ನಿಂತಿತು. ಅವತ್ತು ವಿಶ್ವ ಸೈಕಲ್ ದಿನ. ಹಾಲಿನವನ ಕ್ಯಾನು, ಪೋಸ್ಟ್‌ಮನ್ನನ ಚೀಲ, ಬಡ ಮೇಷ್ಟ್ರ ಸಂಸಾರ ಹೊತ್ತ ಆ ಕರಿಯ ಸೈಕಲ್ಲಿಗೆ ನಾಳೆ ಯಾರಾದರೂ ಸಂಖ್ಯೆ ಕೆತ್ತಿ ಲಕ್ಷ ರೂಪಾಯಿಗೆ ಮಾರಿದರೆ ನನಗೆ ಆಶ್ಚರ್ಯವಾಗಲಾರದು. ಕೊಳ್ಳುವವರಲ್ಲಿ ನನ್ನ ವಯಸ್ಸಿನವರೂ ಇರುತ್ತಾರೆ. ಆದರೆ ಆ ಸೈಕಲ್ಲಿನ ಋಣ ತೀರುವುದು ಹಾಗಲ್ಲ. ಇವತ್ತು ಅದೇ ಕೆಲಸಕ್ಕೆ ಸೈಕಲ್ಲು ಬೇಕಾದವನಿಗೆ ಅದು ಕೈಗೆಟುಕಬೇಕು, ಅವನಿಗೆ ರಸ್ತೆಯಲ್ಲಿ ಮೂರಡಿ ಜಾಗ ಸಿಗಬೇಕು. ಒಂದು ಒಳ್ಳೆಯ ಆರಂಭದ ಋಣವನ್ನು ತೀರಿಸುವುದೆಂದರೆ ಆಗ ನಡೆದ ಕೆಲಸವನ್ನು ಈಗ ಮತ್ತೆ ಮಾಡುವುದು. ರೂಪವನ್ನು ಮತ್ತೆ ಮಾಡಿದರೆ ಬಡ್ಡಿ ಕಟ್ಟಿದ ಹಾಗೂ ಆಗುವುದಿಲ್ಲ.

ಅಳಿಯನ ಗೋಡೆಯ ಸೈಕಲ್ಲನ್ನು ನಾನು ಇಷ್ಟು ದಿನ ಮನಸ್ಸಿನಲ್ಲಿ ಇಟ್ಟುಕೊಂಡದ್ದಕ್ಕೆ ಇನ್ನೊಂದು ಕಾರಣ ಇದೆ. ಊರು ಬಿಟ್ಟು ಬಂದ ನಾವು ಕನ್ನಡವನ್ನು ಏನು ಮಾಡಿದ್ದೇವೆ ಅನ್ನುವುದು ನನಗೆ ತಿಳಿದದ್ದು ಅದನ್ನು ನೋಡಿದ ಮೇಲೆ.

ಅವನ ಮಗಳಿಗೆ ಈಗ ಒಂಬತ್ತು ವರ್ಷ. ನಮ್ಮ ಸೊಸೈಟಿಗಳ ಕನ್ನಡದ ಮನೆಗಳವರು ಕೂಡಿ ನವೆಂಬರ್ ಒಂದಕ್ಕೆ ಕಾರ್ಯಕ್ರಮ ಮಾಡುತ್ತೇವೆ. ಹೋದ ಸಲ ಅವಳು ಐದು ನಿಮಿಷ ಕನ್ನಡ ನಾಡಿನ ಬಗ್ಗೆ ಭಾಷಣ ಮಾಡಿದಳು. ಅವಳ ತಾಯಿ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಟ್ಟಿದ್ದಳು, ಹುಡುಗಿ ಬಾಯಿಪಾಠ ಮಾಡಿದ್ದಳು. ಶುದ್ಧ ಗ್ರಾಂಥಿಕ ಕನ್ನಡ, ಒಂದೂ ಗೀಚಿಲ್ಲದ ಕನ್ನಡ. ಎಲ್ಲರೂ ಚಪ್ಪಾಳೆ ಹೊಡೆದೆವು, ಸ್ಟೀಲ್ ಡಬ್ಬಿ ಬಹುಮಾನ ಬಂತು. ಕೆಳಗಿಳಿದು ನೀರು ಕೇಳಿದ್ದು ಇಂಗ್ಲಿಷಿನಲ್ಲಿ.

ಅದಕ್ಕಿಂತ ಎರಡು ವರ್ಷ ಮೊದಲು ಆ ಹುಡುಗಿ ಬಾಯಿತುಂಬ ಮಾತಾಡುತ್ತಿದ್ದಳು. ಮರಾಠಿ ಶಬ್ದಕ್ಕೆ ಕನ್ನಡದ ಪ್ರತ್ಯಯ, ಇಂಗ್ಲಿಷ್ ಕ್ರಿಯಾಪದಕ್ಕೆ ನಮ್ಮ ಧಾರವಾಡದ ಬಾಲ. "ಅಜ್ಜಾ, ಪಾವೂಸ್ ಬರ್ಲಿಕ್ಕತ್ತೇದ, ಛತ್ರಿ ಫರ್ಗೆಟ್ ಮಾಡಬ್ಯಾಡ" ಎಂದು ನನಗೇ ಹೇಳಿದ್ದಳು. ಮಳೆ ಎನ್ನು, ಮರೆಯಬೇಡ ಎನ್ನು ಎಂದು ಸುತ್ತಲಿನ ಹಿರಿಯರು ತಿದ್ದಿದರು. ಒಬ್ಬರಲ್ಲ, ಎಲ್ಲರೂ ತಿದ್ದಿದರು. ಪ್ರೀತಿಯಿಂದಲೇ ತಿದ್ದಿದರು. ಮಕ್ಕಳಿಗೆ ಬುದ್ಧಿ ಬಹಳ. ಬಾಯಿ ತೆರೆದರೆ ತಪ್ಪಾಗುವ ಭಾಷೆಯಲ್ಲಿ ಬಾಯಿ ತೆರೆಯದಿರುವುದೇ ಲೇಸೆಂದು ಅವು ಬೇಗ ಕಲಿಯುತ್ತವೆ. ಈಗ ಅವಳ ಕನ್ನಡ ವರ್ಷಕ್ಕೆ ಒಂದು ದಿನ ಕೆಳಗಿಳಿಯುತ್ತದೆ, ಉಳಿದ ದಿನ ಮೊಳೆಯ ಮೇಲೆ.

ಆ ಎರಡು ವರ್ಷದ ಹಿಂದಿನ ಕನ್ನಡವೇ ನಿಜವಾದ ಲಟಾರಿ ಸೈಕಲ್ಲು. ಚೌಕಟ್ಟು ಅಜ್ಜಿಯದು, ಗೇರು ಮರಾಠಿ, ಬ್ರೇಕಿನ ಹಿಡಿ ಇಂಗ್ಲಿಷು. ನೋಡಲಿಕ್ಕೆ ಚೆಂದವಿಲ್ಲ, ಕಿರ್ರೆನ್ನುತ್ತದೆ, ಆದರೆ ಏರನ್ನೂ ಇಳಿಜಾರನ್ನೂ ದಾಟುತ್ತದೆ. ಮುಂಬೈಯ ಕನ್ನಡ, ಸೋಲಾಪುರದ ಕನ್ನಡ, ಹೈದರಾಬಾದಿನ ಕನ್ನಡ ಎಲ್ಲ ಹೀಗೆ ಸಿಕ್ಕ ಸಾಮಾನು ಕೂಡಿಸಿಯೇ ಇಷ್ಟು ವರ್ಷ ಓಡಿವೆ. ಶುದ್ಧವಾಗಿ ಉಳಿಯಲಿ ಅನ್ನುವ ಆಸೆ ಕೆಟ್ಟದ್ದಲ್ಲ. ಚೆನ್ನಾಗಿ ಹೊಡೆಯಲು ಬಂದ ಮೇಲೆ ಹುಡುಗ ತಾನೇ ಒಳ್ಳೆಯ ಚೌಕಟ್ಟು ಹುಡುಕುತ್ತಾನೆ. ಜೋ ಬ್ರೀಝ್ ಹೊಸದು ಕಟ್ಟಿದ್ದು ಹಳೆಯದನ್ನು ಹೊಡೆದು ಮುರಿದಾದ ಮೇಲೆ. ಹೊಡೆಯುವ ಮೊದಲೇ ಗೀಚು ಬೀಳಬಾರದೆಂದು ಎತ್ತಿಟ್ಟರೆ, ಕಿಮ್ಮತ್ತು ಇಳಿಯುವುದಿಲ್ಲ ನಿಜ, ಹೊಡೆಯುವವರೂ ಉಳಿಯುವುದಿಲ್ಲ.

ಇದನ್ನೆಲ್ಲ ಅಳಿಯನಿಗೆ ಹೇಳಿದೆ. ಅವ ಸುಮ್ಮನೆ ಕೇಳಿದ. "ಸೈಕಲ್ಲಿನ ಬಗ್ಗೆ ನೀವು ಅಂದದ್ದು ಪೂರಾ ಒಪ್ಪೂದಿಲ್ಲ, ಮಾಮಾ. ಆದ್ರ ಹುಡುಗೀದು ಖರೆ ಅದ" ಅಂದ. ಸೈಕಲ್ಲು ಇನ್ನೂ ಗೋಡೆಯ ಮೇಲೆಯೇ ಇದೆ. ಅದು ಅವನ ದುಡಿಮೆ, ಅವನ ಇಷ್ಟ. ಹುಡುಗಿ ಮಾತಾಡುವಾಗ ಮಾತ್ರ ನಮ್ಮ ಮನೆಗಳಲ್ಲಿ ಈಗ ಯಾರೂ ನಡುವೆ ಬಾಯಿ ಹಾಕಬಾರದೆಂದು ಠರಾವು ಮಾಡಿದ್ದೇವೆ. ಅವಳ ಅಜ್ಜಿಗೆ ಅದು ಬಹಳ ಕಷ್ಟವಾಗುತ್ತಿದೆ. ತುಟಿ ಕಚ್ಚಿ ಹಿಡಿದುಕೊಂಡು ಕೂತಿರುತ್ತಾಳೆ. ಹೋದ ವಾರ ಹುಡುಗಿ, "ಅಜ್ಜಿ, ನನಗ ಭೂಕ್ ಲಾಗ್ಯದ, ಸಮ್‌ಥಿಂಗ್ ಕೊಡು" ಅಂದಳಂತೆ. ಅಜ್ಜಿ ಒಂದು ಮಾತೂ ಆಡದೆ ಎದ್ದು ಹೋಗಿ ರೊಟ್ಟಿ ಹಚ್ಚಿಕೊಟ್ಟಳಂತೆ.